ತೊಗರ್ಸಿ ಸೀಮೆ ಕಂಡ ಎರಡು ಬಗೆಯ ಯುದ್ಧ

ಶಿಕಾರಿಪುರ ತಾಲ್ಲೂಕಿಗೆ ಸೇರಿದ್ದರೂ ಸೊರಬದ ಸೀಮೆಗೆ ಆತುಕೊಂಡಿರುವ ಊರು ತೊಗರ್ಸಿ. ಭತ್ತದ ಗದ್ದೆ, ಕೆರೆ, ಮಲ್ಲಿಕಾರ್ಜುನನ ಗುಡಿ: ಊರಿನ ಪರಿಚಯಕ್ಕೆ ಇಷ್ಟು ಸಾಕು. ಇಲ್ಲಿ ಹೇಳಬೇಕಾದ್ದು ಬೇರೆ. ಈ ಎರಡು ತಾಲ್ಲೂಕುಗಳ ಯುದ್ಧದ ಚರಿತ್ರೆಯನ್ನು ನಾವು ರಾಜರ ಹೆಸರಿನಲ್ಲಿ ಬರೆಯುತ್ತ ಬಂದಿದ್ದೇವೆ; ಅದನ್ನು ಹಟ್ಟಿ ಮತ್ತು ಕಣಜದ ಕಡೆಯಿಂದ ಬರೆಯಬೇಕು.

ಹಟ್ಟಿಯ ಕಡೆಯ ಸಾಕ್ಷಿ ವೀರಗಲ್ಲು. ಶಾಸನತಜ್ಞ ಬಿ.ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಅಚ್ಚು ಹಾಕಿಸಿದರು. ಆ ಸಂಪುಟಗಳಲ್ಲಿ ದಂಡನಾಯಕರ ಗೆಲುವುಗಳ ನಡುವೆಯೇ ತುರುಗೋಳು, ಊರಳಿವು, ಹೆಣ್ಬುಯ್ಯಲು ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನ ಹೊಡೆದುಕೊಂಡು ಹೋಗುವುದು, ಊರು ಹಾಳು ಮಾಡುವುದು, ಹೆಂಗಸರ ಮೇಲೆ ಕೈಮಾಡುವುದು ಅಂದಿನ ಕಾಳಗದ ಭಾಗವೇ ಆಗಿದ್ದವು. ಈ ಸೀಮೆಯಾಚೆಯ ಹೊಟ್ಟೂರಿನ 1007ರ ಶಾಸನವಂತೂ ಚೋಳರ ದಂಡು ಹೆಂಗಸರು ಮಕ್ಕಳೆನ್ನದೆ ಕೊಂದದ್ದನ್ನು ದೂರುತ್ತದೆ. ಚೋಳರ ಎದುರಾಳಿಗಳ ಬರಹದಲ್ಲಿ ಉತ್ಪ್ರೇಕ್ಷೆ ಇರಬಹುದು, ಇರಲಿ. ಆದರೂ ಸತ್ತವನು ಯಾರು, ಯಾವುದಕ್ಕಾಗಿ ಸತ್ತ ಎಂಬುದು ಊರಿಗೆ ಗೊತ್ತಿತ್ತು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುವ ವಾಡಿಕೆಯೂ ಇತ್ತು.

ಕಣಜದ ಕಡೆಯ ಕತೆ ಬೇರೆ: ಎರಡನೆಯ ಮಹಾಯುದ್ಧ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಗಡಿಗೆ ಶತ್ರು ಬರಲಿಲ್ಲ, ಹಟ್ಟಿಯಿಂದ ಒಂದು ದನವೂ ಹೋಗಲಿಲ್ಲ. ಮೈಸೂರು ದೇಶೀ ಸಂಸ್ಥಾನ, ಬಾಂಬು ಬೀಳದ ನಾಡು. ಇದಕ್ಕೂ ಯುದ್ಧಕ್ಕೂ ಏನು ನಂಟು ಎಂದು ಕೇಳುವವರಿದ್ದಾರೆ. ಆದರೆ 1940ರ ಕೊನೆಗೆ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಎದ್ದಿತು. ಮೈಸೂರಿನ ಪದಾತಿ ದಳ 1942ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ ಸೆರೆಯಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ಕೈಸೇರಿ ಬರ್ಮಾದ ಅಕ್ಕಿ ನಿಂತದ್ದೇ ಭತ್ತ ಬೆಳೆಯುವ ಸೀಮೆಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. ಮುಂದಿನ ವರ್ಷಗಳಲ್ಲಿ ಲೆವಿ ಬಂತು: ಬೆಳೆದವನು ಇಷ್ಟು ಭತ್ತವನ್ನು ಸರ್ಕಾರ ಹೇಳಿದ ಬೆಲೆಗೆ ಅಳೆಯಲೇಬೇಕು. ಸೀಮೆಎಣ್ಣೆ, ಬಟ್ಟೆ, ಸಕ್ಕರೆಗಳೂ ಕಂಟ್ರೋಲಿಗೆ ಸೇರಿದವು. ಕಾಳಸಂತೆ ಹುಟ್ಟಿಕೊಂಡಿತು. ಕಣದಲ್ಲಿ ಭತ್ತದ ರಾಶಿಯಿದ್ದೂ ಮನೆಗೆ ಎಷ್ಟು ಉಳಿಸಿಕೊಳ್ಳಬೇಕೆಂದು ಶಾನುಭೋಗರ ಲೆಕ್ಕ ಹೇಳುವ ಸ್ಥಿತಿ ಬಂತು.

ಶಿಕಾರಿಪುರ ತಾಲ್ಲೂಕಿನದೇ ಆದ ಈಸೂರಿನ ದಂಗೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಕಂದಾಯಕ್ಕೆ ಬಂದವರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡು, ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿಸಿ ಊರಿನವರು ತಮ್ಮದೇ ಸರ್ಕಾರ ಸಾರಿದರು. 1942ರ ಸೆಪ್ಟೆಂಬರ್ ಕೊನೆಯ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಜನ ಕಾಡು ಸೇರಿದರು, ಊರು ಸುಲಿಗೆಯಾಯಿತು, 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. ಇದು ಗಾಂಧಿಯವರ ‘ಭಾರತ ಬಿಟ್ಟು ತೊಲಗಿ’ ಕರೆಗೆ ಓಗೊಟ್ಟ ಸ್ವಾತಂತ್ರ್ಯದ ಹೋರಾಟ, ಅಕ್ಕಿಬೇಳೆಯ ಜಗಳವಲ್ಲ ಎಂಬ ಆಕ್ಷೇಪ ಬರುತ್ತದೆ. ಲೆವಿ ಬಿಗಿಯಾದದ್ದು ಈಸೂರಿನ ನಂತರವೇ ಎಂಬುದೂ ಸರಿ. ಆದರೆ ಆ ಕರೆಯೇ ಯುದ್ಧದಿಂದ ಹುಟ್ಟಿದ್ದು. 1939ರಲ್ಲಿ ಇಲ್ಲಿನವರನ್ನು ಕೇಳದೆ ವೈಸರಾಯ್ ಭಾರತವನ್ನು ಯುದ್ಧಕ್ಕೆ ಎಳೆದದ್ದೇ ಅದರ ಬೇರು. ಬಾವುಟದ ಜೊತೆಗೆ ಲೆಕ್ಕದ ಪುಸ್ತಕಕ್ಕೂ ಕೈಹಾಕಿದ ಜನಕ್ಕೆ ಸರ್ಕಾರ ತಮ್ಮ ಮನೆಯೊಳಕ್ಕೆ ಯಾವ ಬಾಗಿಲಿನಿಂದ ಬರುತ್ತದೆಂಬ ಅರಿವು ಚೆನ್ನಾಗಿಯೇ ಇತ್ತು. ಹುತಾತ್ಮರ ಹಿರಿಮೆ ಇದರಿಂದ ಕುಗ್ಗುವುದಿಲ್ಲ.

ಈಸೂರಿಗೆ ಸ್ಮಾರಕವಿದೆ, ತುರುಗೋಳಿನಲ್ಲಿ ಸತ್ತವನಿಗೆ ಕಲ್ಲಿದೆ. ಲೆವಿ ಅಳೆದು ಗಂಜಿ ಕುಡಿದ ಮನೆಗಳಿಗೆ ಯಾವ ಗುರುತೂ ಇಲ್ಲ. ಯುದ್ಧ 1945ಕ್ಕೆ ಮುಗಿಯಿತು. ಅದು ತಂದ ರೇಷನ್ ಮುಗಿಯಲಿಲ್ಲ. ಇಂದಿನ ನ್ಯಾಯಬೆಲೆ ಅಂಗಡಿಯ ಮೂಲವೂ ಆ ಕಂಟ್ರೋಲಿನಲ್ಲೇ ಇದೆ. ಆಗ ಕಣಜದಿಂದ ಭತ್ತ ಎತ್ತಿಸಿದ ಏರ್ಪಾಡಿನ ಕುಡಿಯೇ ಈಗ ಅದೇ ಮನೆಗಳಿಗೆ ಅಕ್ಕಿ ಕೊಡುತ್ತಿದೆ.