ಬಿ. ಎನ್. ರಾವ್

ಸರ್ ಬೆನಗಲ್ ನರಸಿಂಗ ರಾವ್ (26 ಫೆಬ್ರವರಿ 1887 – 30 ನವೆಂಬರ್ 1953) ಮಂಗಳೂರು ಮೂಲದ ನ್ಯಾಯಶಾಸ್ತ್ರಜ್ಞರು, ಆಡಳಿತಗಾರರು ಹಾಗೂ ರಾಜತಾಂತ್ರಿಕರು. ಭಾರತದ ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ಅವರು ಹೆಚ್ಚು ಪರಿಚಿತರು. 1950ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಅವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಅನಂತರ ಕದನವಿರಾಮಕ್ಕಾಗಿ ರಚನೆಯಾದ ಮೂವರ ಸಮಿತಿಯ ಸದಸ್ಯರಾದರು.

ಹಿನ್ನೆಲೆ

ಮಂಗಳೂರಿನ ಕೆನರಾ ಪ್ರೌಢಶಾಲೆಯಲ್ಲಿ ಓದಿದ ರಾವ್, ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಉನ್ನತ ಶಿಕ್ಷಣ ಪಡೆದು ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದರು. 1944–45ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬಿ. ರಾಮರಾವ್ ಮತ್ತು ಪತ್ರಕರ್ತ ಬಿ. ಶಿವರಾವ್ ಇವರ ಸಹೋದರರು.

ಭದ್ರತಾ ಮಂಡಳಿಯಲ್ಲಿ

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣದ ಮೇಲೆ ದಾಳಿ ಮಾಡಿತು. ಅಂದೇ ರಾವ್ ಅವರ ಅಧ್ಯಕ್ಷತೆಯಲ್ಲಿ ತುರ್ತು ಸಭೆ ಸೇರಿತು. ಚೀನಾದ ಪ್ರಾತಿನಿಧ್ಯದ ವಿವಾದದಿಂದಾಗಿ ಸೋವಿಯತ್ ಒಕ್ಕೂಟವು ಮಂಡಳಿಯನ್ನು ಬಹಿಷ್ಕರಿಸಿತ್ತು. ಯುದ್ಧ ನಿಲ್ಲಿಸಿ ಸೇನೆಯನ್ನು ಹಿಂತೆಗೆದುಕೊಳ್ಳುವಂತೆ ಉತ್ತರ ಕೊರಿಯಾಕ್ಕೆ ಕರೆ ನೀಡಿದ ನಿರ್ಣಯವು 9 ಮತಗಳಿಂದ ಅಂಗೀಕೃತವಾಯಿತು. ಯುಗೊಸ್ಲಾವಿಯ ಮಾತ್ರ ತಟಸ್ಥವಾಗಿ ಉಳಿಯಿತು. ಭಾರತವು ನಿರ್ಣಯದ ಪರವಾಗಿ ಮತ ನೀಡಿತು.

ದಕ್ಷಿಣ ಕೊರಿಯಾಕ್ಕೆ ನೆರವು ನೀಡುವಂತೆ ಶಿಫಾರಸು ಮಾಡಿದ ಜೂನ್ 27ರ ನಿರ್ಣಯದ ವೇಳೆಗೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲವಾದ್ದರಿಂದ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಜೂನ್ 29ರಂದು ಭಾರತ ಸರ್ಕಾರವು ಆ ನಿರ್ಣಯವನ್ನು ಒಪ್ಪಿಕೊಂಡಿತು. ಆದರೆ ಯುದ್ಧಕ್ಕೆ ಕಾದಾಳುಗಳನ್ನು ಕಳುಹಿಸದೆ, 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು ಕಳುಹಿಸಿತು.

ಕದನವಿರಾಮದ ಯತ್ನ

ವಿಶ್ವಸಂಸ್ಥೆಯ ಪಡೆಗಳು 38ನೆಯ ಅಕ್ಷಾಂಶವನ್ನು ದಾಟಿದರೆ ತಾನು ಮಧ್ಯಪ್ರವೇಶಿಸುವುದಾಗಿ ಚೀನಾ, ಪೀಕಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರ ಮೂಲಕ ಎಚ್ಚರಿಸಿತು. ಅಮೆರಿಕವು ಇದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಚೀನಾದ ಸೇನೆ ಯುದ್ಧಕ್ಕಿಳಿದ ಬಳಿಕ, 13 ರಾಷ್ಟ್ರಗಳ ಪ್ರಸ್ತಾವದಂತೆ ಸಾಮಾನ್ಯ ಸಭೆಯು ಡಿಸೆಂಬರ್ 14ರಂದು ಕದನವಿರಾಮ ಸಮಿತಿಯ ರಚನೆಗೆ ಒಪ್ಪಿಗೆ ನೀಡಿತು. ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ರಾವ್ ಅದರ ಸದಸ್ಯರಾಗಿದ್ದರು.

ಮೊದಲು ಕದನವಿರಾಮ, ಅನಂತರ ಹಂತಹಂತವಾಗಿ ವಿದೇಶಿ ಪಡೆಗಳ ನಿರ್ಗಮನ ಹಾಗೂ ದೂರಪ್ರಾಚ್ಯದ ಸಮಸ್ಯೆಗಳ ಚರ್ಚೆ ಎಂಬುದು ಸಮಿತಿಯ ಕ್ರಮವಾಗಿತ್ತು. ಇದು ಅಮೆರಿಕದ ಪಡೆಗಳಿಗೆ ಉಸಿರಾಡಲು ಅವಕಾಶ ಕೊಡುವ ತಂತ್ರವೆಂದು ಚೀನಾ ತಿರಸ್ಕರಿಸಿತು. 1951ರ ಫೆಬ್ರವರಿ 1ರಂದು ಸಾಮಾನ್ಯ ಸಭೆಯು ಚೀನಾವನ್ನು ಆಕ್ರಮಣಕಾರಿ ಎಂದು 44–7 ಮತಗಳಿಂದ ಘೋಷಿಸಿತು. ಮೊದಲ ದಾಳಿಯನ್ನು ಖಂಡಿಸಿದ್ದ ಭಾರತ, ಸಂಧಾನದ ದಾರಿ ಮುಚ್ಚುತ್ತದೆಂಬ ಕಾರಣದಿಂದ ಈ ನಿರ್ಣಯವನ್ನು ವಿರೋಧಿಸಿತು.

ನಂತರದ ವರ್ಷಗಳು

1952ರಲ್ಲಿ ರಾವ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮ ಒಪ್ಪಂದವಾಯಿತು. ಯುದ್ಧಕೈದಿಗಳ ಪ್ರಶ್ನೆಯನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ಆಯೋಗದ ಕಾರ್ಯ ನಡೆಯುತ್ತಿದ್ದಾಗಲೇ, ಅದೇ ವರ್ಷದ ನವೆಂಬರ್ 30ರಂದು, ರಾವ್ ಜ್ಯೂರಿಕ್‌ನಲ್ಲಿ ನಿಧನರಾದರು.