ಇಡ್ಲಿ ಕಂಡವರು ಕೆಂಡ ಕಾಣಲಿಲ್ಲ

ಹಂದಿಮಾಂಸದ ಕೊಬ್ಬಿನ ಪಟ್ಟಿಗಳನ್ನೂ ಖೀಮಾ ಉಂಡೆಗಳನ್ನೂ ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ ಬೇಯಿಸಿದರೆ ಅದು ಪಾಶ್ಚಾತ್ಯರ ಅಡುಗೆ ಎಂದು ನಾವು ನಿಶ್ಚಿಂತೆಯಿಂದ ಹೇಳಿಬಿಡುತ್ತೇವೆ. ಬೇಕನ್ ಇಂಗ್ಲಿಷರದು, ಮೀಟ್‌ಬಾಲ್ ಯುರೋಪಿನದು, ಕೋಫ್ತಾ ಎಂದರೆ ಬಹಮನಿಗಳ ಕಾಲದ್ದು. ಕೊಡ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಯ ಸೀಮೆಗೆ ಉಳಿಯುವುದು ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ. ಈ ಚಿತ್ರದಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧ ಮಾತ್ರ. ಮಾಂಸ ಕುಟ್ಟಿ ಉಂಡೆ ಕಟ್ಟುವುದನ್ನೂ, ಹಂದಿಯ ಕೊಬ್ಬು ತುಂಬಿದ ಮಾಂಸವನ್ನು ಕೆಂಡದ ಕಾವಿನಲ್ಲಿ ಬೇಯಿಸಿ ತೆಳ್ಳಗೆ ಸೀಳುವುದನ್ನೂ ಈ ನೆಲದ ದೊರೆಯೇ 12ನೆಯ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಆ ಬರಹವನ್ನು ನಾವು ಮರೆತಿಲ್ಲ, ಬೇಕಾದಷ್ಟನ್ನು ಮಾತ್ರ ಓದಿದ್ದೇವೆ ಎಂಬುದೇ ನನ್ನ ವಾದ.

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. 973ರಲ್ಲಿ ಅವರನ್ನು ಸೋಲಿಸಿದ ಚಾಲುಕ್ಯರು ಮೊದಲು ಆಳಿದ್ದೂ ಇಲ್ಲಿಂದಲೇ. ರಾಜಧಾನಿ ಕಲ್ಯಾಣಕ್ಕೆ, ಇಂದಿನ ಬಸವಕಲ್ಯಾಣಕ್ಕೆ, ಹೋದದ್ದು ಆಮೇಲೆ. ಆ ವಂಶದ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ಅದರ ಅನ್ನಭೋಗ ಎಂಬ ಭಾಗದಲ್ಲಿ ಇಡ್ಡರಿಕಾ, ಧೋಸಕಗಳ ಮಾತು ಬರುತ್ತದೆ. ಇಡ್ಲಿ, ದೋಸೆಯ ಚರಿತ್ರೆ ಬರೆಯುವವರೆಲ್ಲ ಈ ಸಾಲುಗಳನ್ನು ಹೆಮ್ಮೆಯಿಂದ ಎತ್ತಿ ತೋರಿಸುತ್ತಾರೆ. ಅದೇ ಅನ್ನಭೋಗದಲ್ಲಿ ಹಂದಿಯ ಅಡುಗೆಯೂ ಇದೆ: ಬಿಸಿನೀರು ಹೊಯ್ದೋ ಹುಲ್ಲಿನ ಉರಿಯಲ್ಲಿ ಸುಟ್ಟೋ ಕೂದಲು ತೆಗೆಯಬೇಕು, ಮಾಂಸವನ್ನು ಕೆಂಡದ ಕಾವಿನಲ್ಲಿ ಬೇಯಿಸಬೇಕು, ತಾಳೆಗರಿಯಷ್ಟು ತೆಳ್ಳಗಿನ ಪಟ್ಟಿಗಳಾಗಿ ಸೀಳಿ ಮಸಾಲೆ ಬೆರೆತ ಮೊಸರಿಗೆ ಹಾಕಬೇಕು. ಕುಟ್ಟಿದ ಮಾಂಸಕ್ಕೆ ಸಂಬಾರ ಬೆರೆಸಿ ಉಂಡೆ ಕಟ್ಟುವ, ಎಣ್ಣೆಯಲ್ಲಿ ಕರಿಯುವ, ಬದನೆಕಾಯಿಯೊಳಗೆ ತುಂಬುವ ಬಗೆಗಳೂ ಅಲ್ಲಿವೆ. ಇಂದಿಗೂ ಈ ಸೀಮೆಯ ಮನೆಗಳಲ್ಲಿ ಶೇಂಗಾ, ಎಳ್ಳು ತುಂಬಿ ಬದನೆಕಾಯಿ ಎಣ್ಣೆಗಾಯಿ ಮಾಡುವವರಿಗೆ ಆ ಕೈಕೆಲಸ ಅಪರಿಚಿತವೇನಲ್ಲ.

ಇದು ಅರಮನೆಯ ಊಟ, ಜನರದಲ್ಲ ಎಂದು ಯಾರಾದರೂ ಹೇಳಬಹುದು. ಆಕ್ಷೇಪಕ್ಕೆ ತೂಕವಿದೆ. ಕರ್ಪೂರ, ಏಲಕ್ಕಿ ಬೆರೆಸಿದ ಊಟ ಒಕ್ಕಲಿಗನ ಗುಡಿಸಲಿನದಲ್ಲ. ಆದರೆ ಕೂದಲು ಸುಡುವುದಕ್ಕೆ ಹುಲ್ಲು, ಬೇಯಿಸುವುದಕ್ಕೆ ಕೆಂಡ, ಕುಟ್ಟುವುದಕ್ಕೆ ಒರಳು ಸಾಕು. ಇವು ಯಾವ ಅರಮನೆಯ ಸ್ವತ್ತೂ ಅಲ್ಲ. ಅದೇ ಪುಸ್ತಕ ಹೊಲದ ಇಲಿಯನ್ನು ಬೇಯಿಸುವ ಕ್ರಮವನ್ನೂ ಹೇಳುತ್ತದೆ. ಹೊಲದಲ್ಲಿ ದುಡಿಯುವವರ ಅಡುಗೆ ಅರಮನೆಯ ಗ್ರಂಥದವರೆಗೂ ಹೋಗಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೇ? ಇನ್ನು ಇದು ಜೈನರ, ಶರಣರ ನಾಡು, ಇಲ್ಲಿ ಮಾಂಸದ ಸಂಪ್ರದಾಯವೆಲ್ಲಿ ಎಂಬ ಪ್ರಶ್ನೆ. ಮಾನ್ಯಖೇಟ ಜೈನ ವಿದ್ವತ್ತಿನ ನೆಲೆ ನಿಜ; ಸೋಮೇಶ್ವರನ ಕಾಲಕ್ಕೆ ತುಸು ಹಿಂದೆಮುಂದೆಯೇ ಕಲ್ಯಾಣದ ಶರಣರೂ ಬಂದರು. ಆದರೆ ಪ್ರಾಣಿಹಿಂಸೆಯನ್ನು ಬೇಡವೆಂದ ಮಾತಿಗೆ ಅಷ್ಟು ಬಲ ಬಂದದ್ದು ಬಲಿಯೂ ಮಾಂಸವೂ ಸುತ್ತಮುತ್ತ ಇದ್ದುದರಿಂದಲೇ. ಬಲಿಗೆಂದು ತಂದ ಕುರಿ ತೋರಣದ ತಳಿರು ಮೇಯುವ ಚಿತ್ರವನ್ನು ಬಸವಣ್ಣನವರು ಕೊಟ್ಟದ್ದು ಕಣ್ಣೆದುರಿನ ಬದುಕಿನಿಂದ. ಚಾಲುಕ್ಯರ ಲಾಂಛನ ವರಾಹ, ಅವರದೇ ದೊರೆಯ ಪುಸ್ತಕದಲ್ಲಿ ಹಂದಿಯ ಅಡುಗೆ. ಎರಡೂ ಒಂದೇ ಕಾಲದ ಸತ್ಯ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಕೆಂಡ ಓವನ್ ಅಲ್ಲ, ಮೊಸರಿನ ಪಟ್ಟಿ ಬೇಕನ್ ಅಲ್ಲ. ಒಪ್ಪಬೇಕು. ಬೇಕನ್ ಎಂದರೆ ಉಪ್ಪು ಹಾಕಿ ಕೆಡದಂತೆ ಇಟ್ಟ ಮಾಂಸ. ಸೋಮೇಶ್ವರ ಹೇಳುವುದು ಆಗಲೇ ಬೇಯಿಸಿ ಆಗಲೇ ಉಣ್ಣುವುದನ್ನು. ಸುತ್ತಲಿಂದ ಕಾವು ಕೊಡುವ ತಂದೂರದ ಹೆಸರೂ, ಖೀಮಾ, ಕೋಫ್ತಾಗಳ ಹೆಸರೂ ಪಾರಸಿ, ತುರ್ಕಿ ನುಡಿಗಳಿಂದ ಬಂದವು. 1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾದ ಮೇಲೆ ಇರಾನಿನ ಕಡೆಯವರು ಈ ನಾಡಿಗೆ ಬಂದು ನೆಲೆಸಿದರು. ಅವರ ಕೊಡುಗೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕೋಫ್ತಾ ಎಂಬ ಪಾರಸಿ ಮಾತಿಗೆ ಕುಟ್ಟಿದ್ದು ಎಂದೇ ಅರ್ಥ. ಹೆಸರು ಬರುವ ಮೊದಲೇ ಕೆಲಸ ಇಲ್ಲಿತ್ತು. ಬ್ರೆಡ್ಡಿಗೂ ಸುಣ್ಣಕ್ಕೂ ನಾವು ಬಳಸುವ ಭಟ್ಟಿ ಎಂಬ ಮಾತಿನ ಮೂಲವೂ ಸಂಸ್ಕೃತದ ಭ್ರಾಷ್ಟ್ರ, ಕಾಳು ಹುರಿಯುವ ಬಾಣಲೆ. ಹೊರಗಿನಿಂದ ಬಂದವರು ಬರಿದಾದ ಒಲೆಯ ಮುಂದೆ ಕೂರಲಿಲ್ಲ. ಉರಿಯುತ್ತಿದ್ದ ಒಲೆಗೆ ತಮ್ಮ ಸೌದೆಯನ್ನೂ ಸೇರಿಸಿದರು.

ಹಾಗಾಗಿ ಬೇಕನ್ನನ್ನು ಕನ್ನಡಿಗರೇ ಕಂಡುಹಿಡಿದರು ಎಂದು ಹೇಳಿಕೊಳ್ಳಬೇಕಿಲ್ಲ. ಅಂಥ ಹೆಮ್ಮೆಯೂ ಅರ್ಧ ಓದಿನ ಫಲವೇ. ಹೇಳಬೇಕಾದದ್ದು ಇಷ್ಟು: ಈ ಸೀಮೆಯಲ್ಲಿ ಹಂದಿ, ಕುರಿ ತಿನ್ನುವವರು ಪರರ ರೂಢಿಗೆ ಬಿದ್ದವರಲ್ಲ, ತಿನ್ನದವರು ಇಲ್ಲಿನ ಏಕೈಕ ವಾರಸುದಾರರೂ ಅಲ್ಲ. ಮಾನಸೋಲ್ಲಾಸ ಕೈಬರಹದ ಕಟ್ಟಿನಲ್ಲಿ ಮರೆಯಾಗಿಲ್ಲ; 1925ರಿಂದ ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಮೂರು ಸಂಪುಟಗಳಾಗಿ ಅಚ್ಚಾಗಿದೆ. ನಮ್ಮ ಊಟದ ಚರಿತ್ರೆ ಬರೆಯುವವರು, ಶಾಲೆಯಲ್ಲಿ ಅದನ್ನು ಹೇಳಿಕೊಡುವವರು, ಇಡ್ಡರಿಕಾದ ಸಾಲಿಗೆ ನಿಲ್ಲದೆ ಅನ್ನಭೋಗವನ್ನು ಕೊನೆಯವರೆಗೂ ಓದಲಿ.