ಜಿನ್‌ಜೂ ನದಿಯ ದಂಡೆಯ ರೈತರು

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಈ ಶಾಲೆಯ ಹಳೆಯ ವಿದ್ಯಾರ್ಥಿಯೂ ಇತಿಹಾಸದ ಅಧ್ಯಾಪಕನೂ ಆದ ನಾನು ರಾಜರನ್ನೂ ಯುದ್ಧಗಳನ್ನೂ ಬದಿಗಿಟ್ಟು ಒಂದು ನದಿಯನ್ನು ಆರಿಸಿಕೊಂಡಿದ್ದೇನೆ. ನದಿ ದೂರದ ಜಪಾನಿನದು. ಆದರೆ ಅದರ ದಂಡೆಯವರೂ ನಮ್ಮಂತೆ ಕಾಲುವೆ ನೀರು ಹಾಯಿಸಿ ಭತ್ತ ಬೆಳೆದು ಅನ್ನ ಉಣ್ಣುವವರೇ.

ಜಿನ್‌ಜೂ ನದಿಯು ಗಿಫು ಪ್ರಾಂತ್ಯದ ಬೆಟ್ಟಗಳಿಂದ ಉತ್ತರಕ್ಕೆ ಹರಿದು ತೊಯಾಮಾ ಕೊಲ್ಲಿಯನ್ನು ಸೇರುತ್ತದೆ. ಅದರ ಉಪನದಿ ತಕಾಹರಾದ ಬಳಿ ಕಮಿಯೋಕಾ ಗಣಿಯಿದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಮಿತ್ಸುಯಿ ಸಂಸ್ಥೆಯ ಕೈಸೇರಿತು. ಮುಂದೆ ಯುದ್ಧಗಳು ಬಂದವು, ಸತುವಿಗೆ ಬೇಡಿಕೆ ಏರಿತು. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಎಂಬ ಭಾರಲೋಹವೂ ಬೆರೆತಿರುತ್ತದೆ. ಅದಿರನ್ನು ನುಣ್ಣಗೆ ಅರೆದು ಸತುವನ್ನು ಬೇರ್ಪಡಿಸಿದ ಮೇಲೆ ಉಳಿದ ಕೆಸರುನೀರು ಹೊಳೆ ಸೇರಿತು. ಹೊಳೆಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ ಬಂತು. ಕುಡಿಯುವುದಕ್ಕೂ ಅದೇ ನೀರು.

ಕ್ಯಾಡ್ಮಿಯಂ ಮೊದಲು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಆಗ ಮೂಳೆಗೆ ಬೇಕಾದ ಕ್ಯಾಲ್ಸಿಯಂ, ರಂಜಕಗಳು ದೇಹದಲ್ಲಿ ನಿಲ್ಲದೆ ಹೊರಹೋಗುತ್ತವೆ. ಮೂಳೆ ಮೆತ್ತಗಾಗಿ, ಬರೀ ಕೆಮ್ಮಿದರೂ ಪಕ್ಕೆಲುಬು ಮುರಿಯುತ್ತಿತ್ತು. ರೋಗಿಗಳಲ್ಲಿ ಹೆಚ್ಚಿನವರು ಹಲವು ಮಕ್ಕಳನ್ನು ಹೆತ್ತ, ನಡುವಯಸ್ಸು ದಾಟಿದ ಹೆಂಗಸರು. ಅವರು 'ಇತಾಯ್, ಇತಾಯ್' ಎಂದು ನರಳುತ್ತಿದ್ದರು. 'ನೋವು, ನೋವು' ಎಂದು ಅದರ ಅರ್ಥ. ಕಾಯಿಲೆಗೆ ಆ ನರಳಾಟವೇ ಹೆಸರಾಗಿ ನಿಂತಿತು.

1946ರಲ್ಲಿ ಯುದ್ಧದಿಂದ ಊರಿಗೆ ಮರಳಿದ ವೈದ್ಯ ಹಗಿನೋ ನೊಬೊರು ಅವರ ಆಸ್ಪತ್ರೆಗೆ ಇಂಥ ರೋಗಿಗಳು ಒಬ್ಬರಾದ ಮೇಲೊಬ್ಬರು ಬಂದರು. ಅವರೆಲ್ಲ ಜಿನ್‌ಜೂ ನೀರು ಹಾಯುವ ಊರುಗಳವರೇ ಎಂಬುದು ಹಗಿನೋ ಅವರ ಗಮನಕ್ಕೆ ಬಂತು. 1957ರಲ್ಲಿ ಅವರು ಗಣಿಯ ನೀರೇ ಇದಕ್ಕೆ ಕಾರಣವೆಂದರು. 1961ರಲ್ಲಿ ಕೃಷಿ ವಿಜ್ಞಾನಿ ಯೋಶಿಯೋಕಾ ಕಿನ್‌ಇಚಿ ಅವರೊಡನೆ ಸೇರಿ ಕ್ಯಾಡ್ಮಿಯಂನತ್ತ ಬೊಟ್ಟುಮಾಡಿದರು. ಅನೇಕರು ಒಪ್ಪಲಿಲ್ಲ. ಇದು ಬಡವರ ಊಟದ ಕೊರತೆಯಿಂದ ಬಂದದ್ದು ಎಂಬ ವಾದವೂ ನಡೆಯಿತು.

ಊರಿನವರು ಸಹ ಬಹುಕಾಲ ಬಾಯಿ ಬಿಡಲಿಲ್ಲ. ವಿಷಯ ಹೊರಬಿದ್ದರೆ ನಮ್ಮ ಅಕ್ಕಿ ಯಾರು ಕೊಳ್ಳುತ್ತಾರೆ, ನಮ್ಮ ಮನೆಗೆ ಹೆಣ್ಣು ಯಾರು ಕೊಡುತ್ತಾರೆ ಎಂಬ ಭಯ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗಿಗಳು ಮನೆಯೊಳಗೇ ಉಳಿದರು.

ಕೊನೆಗೆ 1966ರಲ್ಲಿ ರೋಗಿಗಳೂ ಅವರ ಮನೆಯವರೂ ಸಂಘಟಿತರಾದರು. 1968ರ ಮಾರ್ಚಿಯಲ್ಲಿ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಇದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಜಪಾನಿನಲ್ಲಿ ಹಾಗೆ ಒಪ್ಪಿಕೊಂಡ ಮೊದಲ ರೋಗವಿದು. ಆ ದೇಶದ ಗಣಿ ಕಾನೂನಿನ ಪ್ರಕಾರ ಹಾನಿಯಾದುದನ್ನು ತೋರಿಸಿದರೆ ಸಾಕು, ಕಂಪನಿಯ ನಿರ್ಲಕ್ಷ್ಯವನ್ನು ರೈತ ರುಜುವಾತು ಮಾಡಬೇಕಿಲ್ಲ. 1971ರ ಜೂನ್ 30ರಂದು ರೈತರು ಗೆದ್ದರು. ಕಂಪನಿಯ ಮೇಲ್ಮನವಿ 1972ರ ಆಗಸ್ಟ್ 9ರಂದು ಬಿದ್ದುಹೋಯಿತು.

ನನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಇದರ ನಂತರದ ಭಾಗದಲ್ಲಿ. ಗೆದ್ದ ರೈತರು ಪರಿಹಾರದ ಹಣ ಎಣಿಸಿಕೊಂಡು ಮನೆಗೆ ಹೋಗಲಿಲ್ಲ. ಕೆಟ್ಟ ಗದ್ದೆಯನ್ನು ಸರಿಪಡಿಸಿಕೊಡಬೇಕು ಎಂದು ಬರೆಸಿಕೊಂಡರು. ತಾವು ಬೇಕೆಂದಾಗ ತಜ್ಞರೊಡನೆ ಗಣಿಯೊಳಗೆ ಹೋಗಿ ಪರೀಕ್ಷಿಸಬಹುದು, ಅದರ ಖರ್ಚು ಕಂಪನಿಯದು ಎಂದೂ ಬರೆಸಿಕೊಂಡರು. ಅಂದಿನಿಂದ ವರ್ಷವರ್ಷವೂ ಅವರು ಗಣಿಗೆ ಹೋಗಿ ನೋಡಿ ಬಂದಿದ್ದಾರೆ. ಹೊಳೆಯ ನೀರಿನಲ್ಲಿ ಕ್ಯಾಡ್ಮಿಯಂ ಸಹಜ ಮಟ್ಟಕ್ಕೆ ಇಳಿದದ್ದು ಹೀಗೆ.

ಮಣ್ಣು ಮಾತ್ರ ಅಷ್ಟು ಬೇಗ ಕ್ಷಮಿಸಲಿಲ್ಲ. ಕೆಟ್ಟ ಮಣ್ಣನ್ನು ಆಳಕ್ಕೆ ಹೂತು ಮೇಲೆ ಒಳ್ಳೆಯ ಮಣ್ಣು ಹರಡುವ ಕೆಲಸ ಸುಮಾರು 860 ಹೆಕ್ಟೇರಿನಲ್ಲಿ ನಡೆದು, ಮೂರು ದಶಕ ಹಿಡಿದು 2012ರಲ್ಲಿ ಮುಗಿಯಿತು. ಕಂಪನಿ ಮತ್ತು ಸಂತ್ರಸ್ತರ ನಡುವಿನ ಅಂತಿಮ ಒಪ್ಪಂದವಾದದ್ದು 2013ರಲ್ಲಿ. ಗಣಿಯಲ್ಲಿ ಅದಿರು ತೆಗೆಯುವುದು 2001ರಲ್ಲೇ ನಿಂತಿತ್ತು.

ನಮ್ಮ ಶಾಲೆಗೆ ಈಗ 50 ತುಂಬಿದೆ. ಜಿನ್‌ಜೂ ರೈತರ ಒಪ್ಪಂದಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಇಲ್ಲಿ ಓದುವ ಮಕ್ಕಳು ತಮ್ಮೂರ ಹೊಳೆಗೆ ಮೇಲಿನಿಂದ ಏನು ಬಂದು ಸೇರುತ್ತದೆ ಎಂದು ಕೇಳುವುದನ್ನು ಕಲಿತರೆ, ಉತ್ತರ ಸಿಗುವವರೆಗೆ ಕೇಳುತ್ತಲೇ ಇದ್ದರೆ, ಇತಿಹಾಸದ ಮೇಷ್ಟರಾದ ನಮಗೆ ಅಷ್ಟು ಸಾಕು.